ಬಿಡತಕ್ಕ ಜಾಗ

"ಹದಿನೇಳು ಬಿಡಿ" ಎಂದರು ಸಾಹೇಬರು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು. ಹಾಗೆಂದವರೇ ಪುಟ ಮಗುಚಿ ಹದಿನೆಂಟಕ್ಕೆ ಹೋದರು. ಹದಿನೆಂಟು ವಾಹನ ನಿಲ್ಲಿಸುವ ಜಾಗದ ನಿಯಮ. ಕಾರಿನ ವಿಷಯ ಬಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ.

ಮೇಜಿನ ಈಚೆ ಪೆನ್ಸಿಲ್ ಹಿಡಿದು ನಿಂತಿದ್ದ ಕರಡಮ್ಮ ಹದಿನೇಳರಲ್ಲೇ ಉಳಿದಳು. ಕರಡಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಗರ ಯೋಜನಾ ಶಾಖೆಯಲ್ಲಿ ಯಾವ ಕಾಗದದ ಕರಡು ಬರೆಯಬೇಕಾದರೂ ಅವಳೇ ಬೇಕಾಗಿದ್ದರಿಂದ ಆ ಹೆಸರು ಅಂಟಿತ್ತು. ಅವಳಿಗೆ ಸಿಟ್ಟು ಬಂದ ದಿನ ಬೆನ್ನ ಹಿಂದೆ ಅದು ಕರಡಿಯಮ್ಮ ಆಗುತ್ತಿತ್ತು. ಈಗ ಊರಿನ ಭೂ ಅಭಿವೃದ್ಧಿ ಮತ್ತು ವಲಯ ನಿಯಮಗಳನ್ನು ಪರಿಷ್ಕರಿಸುವ ಕೆಲಸ ಶಾಖೆಯ ತಲೆಯ ಮೇಲೆ ಬಿದ್ದಿತ್ತು. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಷ್ಟು ಎತ್ತರ, ಗೋಡೆಯ ಆಚೆ ಎಷ್ಟು ಜಾಗ ಬಿಡಬೇಕು ಎಂದು ಹೇಳುವ ಹಳೆಯ ನಿಯಮಗಳನ್ನು ಸಾಹೇಬರು ಒಂದೊಂದಾಗಿ ನೋಡಿ ಅಭಿಪ್ರಾಯ ಹೇಳುವುದು, ಅವಳು ಅದರಂತೆ ಹೊಸ ಕರಡು ಮಾಡುವುದು.

ಹದಿನೇಳನೆಯದು ಹೀಗಿತ್ತು: "ಸಾಲುಮನೆಗಳ ಹಿಂಬದಿಯಲ್ಲಿ, ಎರಡು ಸಾಲುಗಳ ನಡುವೆ, ಒಂದು ಆಳು ಹೊರೆ ಸಮೇತ ನಡೆದುಹೋಗುವಷ್ಟು ಅಗಲದ ಸಂದಿಯನ್ನು ಬಿಡತಕ್ಕದ್ದು." ಯಾವ ಆಳು, ಯಾವ ಹೊರೆ, ಯಾಕೆ ಬಿಡಬೇಕು ಎಂದು ಬರೆದಿರಲಿಲ್ಲ. ಟೈಪು ಮಾಡುವವನು ಪ್ರತಿ ಸಲವೂ ಸಂದಿಯನ್ನು ಸಂಧಿ ಎಂದೇ ಹೊಡೆಯುತ್ತಿದ್ದ. ಸೇರಿಸೋದು ಸಂಧಿ, ನಡುವೆ ಬಿಡೋದು ಸಂದಿ, ಇದು ವ್ಯಾಕರಣದ್ದಲ್ಲಪ್ಪ, ಮನೆ ಹಿಂದಿನದು ಎಂದು ಕರಡಮ್ಮ ಹೇಳಿ ಹೇಳಿ ಸೋತಿದ್ದಳು.

ಬಿಡಿ ಎಂದರೆ ಮುಟ್ಟಬೇಡಿ, ಇದ್ದ ಹಾಗೇ ಇರಲಿ ಎಂದೂ ಆಗುತ್ತದೆ. ತೆಗೆದುಹಾಕಿ ಮುಂದಕ್ಕೆ ಹೋಗಿ ಎಂದೂ ಆಗುತ್ತದೆ. ಆಫೀಸಿನಲ್ಲಿ ದಿನವಿಡೀ ಆಡುವ ಮಾತು ಅದು. ಹೇಳುವವರ ಮುಖ ನೋಡಿ ಅರ್ಥ ಮಾಡಿಕೊಳ್ಳುವುದು ವಾಡಿಕೆ, ಅನುಮಾನ ಬಂದರೆ ಕೇಳುವುದು ಅವಳ ವಾಡಿಕೆ. ಒಂಬತ್ತನೆಯದನ್ನು ಬಿಡಿ ಎಂದಾಗ ಇರಲೋ ಹೋಗಲೋ ಸಾರ್ ಎಂದು ಕೇಳಿದ್ದಳು, ಇರಲಿ ಎಂದಿದ್ದರು. ಹನ್ನೆರಡಕ್ಕೂ ಕೇಳಿದ್ದಳು, ಅದು ಹೋಗಿತ್ತು. ಈಗಲೂ ಕೇಳಬಹುದಾಗಿತ್ತು. ಸಾಹೇಬರ ಫೋನು ಮುಗಿದಿತ್ತು, ಅವರು ಪೆನ್ನಿನ ಮುಚ್ಚಳ ಕಚ್ಚುತ್ತ ಹದಿನೆಂಟನ್ನು ಓದುತ್ತಿದ್ದರು.

ಅವಳ ಕಣ್ಣ ಮುಂದೆ ಬಂದದ್ದು ಮಗಳ ಕಾಲು. ಆ ಹುಡುಗಿ ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ಪಾತ್ರೆ ತೊಳೆದು, ನೆಲ ಒರೆಸಿ, ಒರೆಸಿದ್ದು ಆರಿದ ಮೇಲೆ ಅವಳ ಹಾಸಿಗೆ. ಈ ವರ್ಷ ಬಿದಿರಿನ ಹಾಗೆ ಬೆಳೆದು ಕಾಲು ಒಲೆ ಕಟ್ಟೆಯ ಕೆಳಗೆ, ಸಿಲಿಂಡರಿನ ಪಕ್ಕಕ್ಕೆ ಹೋಗುತ್ತಿತ್ತು. ಓದುವುದು ಮುಂಬಾಗಿಲ ಮೆಟ್ಟಿಲ ಮೇಲೆ. ಹೋಗಿ ಬರುವವರೆಲ್ಲ ಏನಮ್ಮ ಓದ್ತಾ ಇದೀಯಾ ಎಂದು ಕೇಳುವುದು, ಅವಳು ಪುಸ್ತಕ ಮುಚ್ಚುವುದು. ಮನೆಯ ಹಿಂದಿನ ಸಂದಿಯಲ್ಲಿ ಅರ್ಧ ಸೇರಿಸಿಕೊಂಡು ಬಚ್ಚಲನ್ನು ಅತ್ತ ಸರಿಸಿದರೆ ಒಂದು ಕೋಣೆ ಏಳುತ್ತದೆ ಎಂದು ಕರಡಮ್ಮನ ಗಂಡ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿ ಎಷ್ಟೋ ಕಾಲವಾಗಿತ್ತು. ಅಡ್ಡ ನಿಂತಿದ್ದದ್ದು ಒಂದೇ, ಈ ಹದಿನೇಳು.

ಅವಳು ಕೇಳಲಿಲ್ಲ. ಪೆನ್ಸಿಲಿನಿಂದ ಹದಿನೇಳರ ಮೇಲೆ ಒಂದು ಗೆರೆ ಎಳೆದು, ಹದಿನೆಂಟರ ಸಂಖ್ಯೆ ತಿದ್ದಿ, ಹೇಳಿ ಸಾರ್ ಎಂದಳು.

ಕರಡಮ್ಮನ ಮನೆ ಊರಿನ ಹಳೆಯ ಸಾಲುಮನೆಗಳಲ್ಲಿ ಒಂದು. ಮುಂದೊಂದು ಕೋಣೆ, ಆಮೇಲೆ ಅಡುಗೆಮನೆ, ಆಮೇಲೆ ಬಚ್ಚಲು, ಬಚ್ಚಲ ಪಕ್ಕದ ಇಕ್ಕಟ್ಟಿನಲ್ಲಿ ಅತ್ತೆಯ ಮಂಚ, ಮಂಚದ ತಲೆಯ ಕಡೆ ಹಿತ್ತಿಲ ಬಾಗಿಲು. ಬಾಗಿಲು ತೆರೆದರೆ ಸಂದಿ. ಆಚೆ ಬದಿಯಲ್ಲಿ ಬೇರೊಂದು ಬೀದಿಯ ಮನೆಗಳ ಬೆನ್ನು. ಈಗ ಅಲ್ಲಿ ಕೊಳವೆಗಳು, ಒಡೆದ ಕುಂಡಗಳು, ಬೆಕ್ಕುಗಳು. ಪ್ರತಿ ಮನೆಯ ಹಿಂಗೋಡೆಯ ಬುಡದಲ್ಲಿ, ನಾಯಿ ನುಸುಳುವಷ್ಟು ದೊಡ್ಡದಾಗಿ, ಇಟ್ಟಿಗೆಯಿಂದ ಮುಚ್ಚಿದ ಒಂದೊಂದು ಕಿಂಡಿಯ ಗುರುತು ಇತ್ತು. ಮನೆಗಳಲ್ಲಿ ನೀರಿನ ಕಕ್ಕಸು ಬರುವ ಮೊದಲು ಆ ಕಿಂಡಿಯಿಂದ ಡಬ್ಬ ಎಳೆದು, ಬಕೆಟ್ಟಿಗೆ ಸುರಿದುಕೊಂಡು, ಬೂದಿ ಎರಚಿ ಹೋಗುವವರು ಬರುತ್ತಿದ್ದರು. ಮುಂಬಾಗಿಲಲ್ಲಿ ಬರಬಾರದವರಿಗೆ ಹಿಂದೊಂದು ದಾರಿ. ಆಳು ಯಾರು, ಹೊರೆ ಯಾವುದು ಎಂದು ಕರಡಮ್ಮನಿಗೆ ಮದುವೆಯಾಗಿ ಬಂದ ಮೇಲೆ ತಿಳಿದಿತ್ತು. ನಿಯಮ ಬರೆದವರಿಗೂ ತಿಳಿದಿದ್ದೀತು, ಬರೆಯಲು ನಾಚಿಕೆಯಾಗಿರಬೇಕು.

ಸಾಲಿನಲ್ಲಿ ಒಂದು ಕಥೆ ಇತ್ತು. ಬರುತ್ತಿದ್ದವಳು ಒಬ್ಬ ಹೆಂಗಸು. ಅವಳ ಮುಖ ಯಾರೂ ನೋಡಿದವರಲ್ಲ, ಬಕೆಟ್ಟಿನ ಹಿಡಿ ಕಿಣಿ ಎಂದ ಕೂಡಲೇ ಹೆಂಗಸರೆಲ್ಲ ಹಿತ್ತಿಲ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಬೇಸಿಗೆ ಅವಳು ಯಾರದೋ ಬಾಗಿಲ ಮುಂದೆ ನಿಂತು, ಅವ್ವಾ, ಕೈಗೆ ಒಂಚೂರು ನೀರು ಬಿಡಿ ಎಂದಳಂತೆ. ಒಳಗೆ ಚಿಲಕಕ್ಕೆ ಕೈ ಹಾಕಿದ ಸೊಸೆಗೆ ಅವಳ ಅತ್ತೆ, ಬಿಡು, ಮುಂದಿನ ಮನೇಲಿ ಕೇಳ್ಕೋತಾಳೆ ಎಂದಳಂತೆ. ಮುಂದಿನ ಮನೆಯಲ್ಲೂ ಹಾಗೇ. ಮಾರನೆಯ ದಿನ ಅವಳು ಬರಲಿಲ್ಲವಂತೆ, ಅವಳ ಕೆಲಸಕ್ಕೆ ಸಂದಿಯಲ್ಲಿ ಬೇರೆಯವರ ಹೆಜ್ಜೆ ಕೇಳಿಸಿತಂತೆ. ಯಾವ ಮನೆಯ ಬಾಗಿಲು ಅದು ಎಂದು ಕೇಳಿದರೆ ಎಲ್ಲರೂ ಪಕ್ಕದ ಮನೆ ಎನ್ನುತ್ತಿದ್ದರು. ಪಕ್ಕದ ಮನೆಯ ಮೇಷ್ಟ್ರಮ್ಮ ಅದರ ಪಕ್ಕದ ಮನೆ ಎನ್ನುತ್ತಿದ್ದರು. ಹಾಗೇ ಕೇಳುತ್ತ ಹೋದರೆ ಸಾಲಿನ ಕೊನೆಯ ಮನೆಯವರು ಆಚೆ ಸಾಲಿನತ್ತ ಕೈ ತೋರಿಸುತ್ತಿದ್ದರು. ಕರಡಮ್ಮನ ಅತ್ತೆಯೂ ಹೇಳುತ್ತಿದ್ದದ್ದು ಅದನ್ನೇ, ನಮ್ಮದಲ್ಲ ಕಣೇ, ಪಕ್ಕದ್ದು.

ಆದರೆ ಸಾಲಿನಲ್ಲಿ ದಿನಾ ಸಂಜೆ ಹಿತ್ತಿಲ ಬಾಗಿಲಾಚೆ ಒಂದು ಚೊಂಬು ನೀರಿಡುತ್ತಿದ್ದವಳು ಅತ್ತೆ ಒಬ್ಬಳೇ. ದೀಪ ಹಾಕುವ ಹೊತ್ತಿಗೆ ನೀರಿಟ್ಟು, ಬಾಗಿಲು ಹಾಕಿ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸದ್ದು. ಮೊದಲು ಹಿಡಿ ಬಕೆಟ್ಟಿಗೆ ತಗಲುವ ಕಿಣಿ, ಆಮೇಲೆ ಬರಿಗಾಲಿನ ಹೆಜ್ಜೆ, ಮನೆಮನೆಯ ಹಿಂದೆ ನಿಂತು ತಗಡು ಕಲ್ಲಿಗೆ ಉಜ್ಜಿದ ಹಾಗೆ ಒಂದು ಕೆರೆತ. ಹಾಗೇ ಮುಂದಕ್ಕೆ ಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಕರಡಮ್ಮ ಒಮ್ಮೆ ಚಟ್ಟನೆ ಬಾಗಿಲು ತೆಗೆದು ನೋಡಿದ್ದಳು. ಸಂದಿ ಎರಡೂ ತುದಿಯವರೆಗೆ ಖಾಲಿ. ಒದ್ದೆ ಬೂದಿಯ ವಾಸನೆ ಮಾತ್ರ ಮೂಗಿಗೆ ಬಡಿದು, ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ತೆಗೆಯಲಿಲ್ಲ. ದಿನಾ ಸಾಯುವವರಿಗೆ ಅಳುವವರು ಯಾರು ಎಂಬಂತೆ, ದಿನಾ ಬರುವ ಸದ್ದಿಗೆ ಹೆದರುವವರೂ ಆ ಸಾಲಿನಲ್ಲಿ ಇರಲಿಲ್ಲ. ಬೆಳಿಗ್ಗೆ ಚೊಂಬು ಖಾಲಿಯಾಗಿರುತ್ತಿತ್ತು. ಬೆಕ್ಕು ಎನ್ನುತ್ತಿದ್ದ ಗಂಡ.

ಕರಡು ಅಚ್ಚಾಗಿ ಹೊರಬಂತು. ಆಕ್ಷೇಪಣೆ ಇದ್ದವರು ಬಂದು ಹೇಳಬಹುದು ಎಂದು ಆಟೋದಲ್ಲಿ ಮೈಕು ಕಟ್ಟಿ ಬೀದಿ ಬೀದಿ ಕೂಗಿಸಿದರು. ಹೇಳಿಕೆ ಕೇಳುವ ದಿನ ಸಭಾಂಗಣ ತುಂಬಿತ್ತು. ಬಂದವರ ತಕರಾರು ಬಹುಪಾಲು ಎತ್ತರದ್ದು, ಅಂಗಡಿಯದ್ದು. ನನ್ನ ಮನೆ ಹಳದಿ ಬಣ್ಣದ ವಲಯದಲ್ಲಿದೆ, ಎದುರು ಮನೆಯವನದು ನೀಲಿ, ಅವನಿಗೇನು ಕೊಂಬು ಎಂದು ಒಬ್ಬರು ನಕ್ಷೆಯ ಮೇಲೆ ಬೆರಳಿಟ್ಟು ಕೂಗಾಡಿದರು. ಸಾಹೇಬರು ವೇದಿಕೆಯ ಮೇಲೆ, ಪಕ್ಕದಲ್ಲಿ ಕರಡಮ್ಮ. ಜನ ಹೇಳಿದ್ದನ್ನೂ ಸಾಹೇಬರು ಕೊಟ್ಟ ಉತ್ತರವನ್ನೂ ಬರೆದುಕೊಳ್ಳುವುದು ಅವಳ ಪಾಲಿಗೆ ಬಂದಿತ್ತು.

ತಲೆ ಎತ್ತಿದಾಗ ಜನರ ಸಾಲಿನಲ್ಲಿ ಅತ್ತೆ ನಿಂತಿದ್ದಳು. ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಕೈಯಲ್ಲಿ ಏನೂ ಇಲ್ಲದೆ. ಮನೆಯಿಂದ ಅಷ್ಟು ದೂರ ಅವಳು ಒಬ್ಬಳೇ ಬಂದದ್ದನ್ನು ಕರಡಮ್ಮ ಕಂಡಿರಲಿಲ್ಲ. ಸೊಸೆಯನ್ನು ನೋಡಿ ನಗಲೂ ಇಲ್ಲ, ಗುರುತಿನವಳೆಂದು ತೋರಿಸಿಕೊಳ್ಳಲೂ ಇಲ್ಲ. ಸರಕಾರಿ ಜಾಗದಲ್ಲಿ ಹಾಗೆಲ್ಲ ಮಾಡಬಾರದೆಂದು ಅವಳ ಎಣಿಕೆ ಇರಬೇಕು.

"ಸಂದಿ ಬಿಡಬೇಕು ಸಾಮಿ" ಎಂದಳು ಅತ್ತೆ. "ಮನೆ ಹಿಂದಿನ ಸಂದಿ. ಅದೊಂದು ಬಿಟ್ರೆ ಸಾಕು, ಬೇರೇನೂ ಬೇಡ."

ಸಾಹೇಬರು ಕರಡಿನ ಪುಟ ತಿರುಗಿಸಿದರು, ಹಿಂದಕ್ಕೆ ಬಂದರು, ಮತ್ತೆ ತಿರುಗಿಸಿದರು. ಆಮೇಲೆ ಕರಡಮ್ಮನ ಕಡೆ ವಾಲಿ, ಹಿಂಬದಿ ಸಂದಿಯ ನಿಯಮ ಎಲ್ಲಿ ಎಂದು ಮೆಲ್ಲಗೆ ಕೇಳಿದರು.

"ನೀವು ಬಿಡಿ ಅಂದ್ರಿ ಸಾರ್."

ಅವರು ಅವಳ ಮುಖ ನೋಡಿದರು. ಅವರಿಗೆ ಅರ್ಥವಾದದ್ದು ಅವಳಿಗೂ ಕಾಣಿಸಿತು. ಕಣ್ಣು ಒಮ್ಮೆ ಕರಡಿನ ಕಟ್ಟುಗಳ ಮೇಲೆ, ಬಣ್ಣ ತುಂಬಿದ ನಕ್ಷೆಗಳ ಮೇಲೆ, ಬಾಗಿಲಾಚೆಗೂ ಬೆಳೆದಿದ್ದ ಜನರ ಸಾಲಿನ ಮೇಲೆ ಹೋಗಿ ಬಂತು. ತಪ್ಪಾಗಿದೆ ಎಂದರೆ ಎಲ್ಲ ಮತ್ತೆ ಮೊದಲಿನಿಂದ, ಅಚ್ಚು, ಮೈಕು, ಸಭೆ.

"ಹೋಗ್ಲಿ ಬಿಡಿ" ಎಂದರು ಅವಳಿಗೆ ಮಾತ್ರ ಕೇಳುವ ಹಾಗೆ. ಅತ್ತೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು, "ಅದನ್ನ ಆಗಲೇ ಬಿಟ್ಟಿದೀವಿ ಅಜ್ಜಿ."

"ಬಿಟ್ಟಿದೀರಾ?"

"ಬಿಟ್ಟಾಗಿದೆ."

ಅತ್ತೆ ಎರಡೂ ಕೈ ಜೋಡಿಸಿದಳು. ಕರಡಮ್ಮ ಬರೆದಳು: ಹಿಂಬದಿಯ ಸಂದಿಯನ್ನು ಬಿಡಬೇಕೆಂದು ಕೋರಿದ್ದಾರೆ, ಈಗಾಗಲೇ ಬಿಡಲಾಗಿದೆ, ಆಕ್ಷೇಪಣೆ ವಿಲೇವಾರಿಯಾಗಿದೆ. ಅವಳು ಇಷ್ಟು ವರ್ಷ ಬರೆದ ಕರಡುಗಳಲ್ಲಿ ಇಷ್ಟು ನಿಖರವಾದ ವಾಕ್ಯ ಇನ್ನೊಂದಿರಲಿಲ್ಲ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮುಂದಿನವರು ಬಂದು ಚರಂಡಿಯ ವಿಷಯ ಶುರು ಮಾಡಿದಾಗ ಅವಳಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆಯೇ ಚಹಾ ಮಾಡಿಟ್ಟಿದ್ದಳು. ನಿಮ್ಮ ಸಾಹೇಬರು ಒಳ್ಳೆಯವರು ಕಣೇ, ಯಾರು ಬಂದರೂ ತಾಳ್ಮೆಯಿಂದ ಕೇಳ್ತಾರೆ ಎಂದು ಹೊಗಳಿದಳು. ಮೇಷ್ಟ್ರಮ್ಮ ಸಂದಿ ಹೋಗುತ್ತೆ ಹೋಗುತ್ತೆ ಎಂದು ಹೆದರಿಸಿದ್ದರಂತೆ, ಈಗ ಹೋಗಿ ಅವರ ಬಾಯಿ ಮುಚ್ಚಿಸಿ ಬಂದಳಂತೆ. ಕರಡಮ್ಮ ಲೋಟ ಹಿಡಿದು ಕೂತಿದ್ದಳು. ಈಗ ಹೇಳಿಬಿಡುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಮಗಳು ಮೆಟ್ಟಿಲಿಂದ ಪುಸ್ತಕ ಎತ್ತಿಕೊಂಡು ಒಳಗೆ ಬಂದು, ಅಜ್ಜಿಯ ಮಂಚಕ್ಕೂ ಬಚ್ಚಲ ಗೋಡೆಗೂ ನಡುವೆ ಅಡ್ಡಡ್ಡ ಸರಿದು, ಬಟ್ಟೆ ಬದಲಿಸಲು ಬಚ್ಚಲಿಗೆ ಹೋದಳು. ಕರಡಮ್ಮ ಹೇಳಲಿಲ್ಲ. ಈಗಲೇ ಹೇಳುವುದು ಬೇಡ ಎಂದೇ ಗಂಡನ ಮಾತೂ ಆಗಿತ್ತು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಎಲ್ಲವೂ ಸವೆದು ಸವೆದು ಸರಿಹೋಗುತ್ತದೆ ಎಂದು ನಂಬಿದವನು. ಕಟ್ಟುವ ದಿನ ಬಂದಾಗ ತಾನೇ ಗೊತ್ತಾಗುತ್ತೆ, ಈಗಿಂದಲೇ ಅಮ್ಮನ ನಿದ್ದೆ ಯಾಕೆ ಕೆಡಿಸೋದು ಎಂದಿದ್ದ.

ಹೊಸ ನಿಯಮ ಜಾರಿಗೆ ಬಂದದ್ದೇ ಸಾಲಿನಲ್ಲಿ ಎಲ್ಲರ ಕೈಗೂ ಇಟ್ಟಿಗೆ ಬಂತು. ಮೊದಲು ಕಟ್ಟಿದವರು ಮೇಷ್ಟ್ರು. ಆಚೆ ಸಾಲಿನವರೂ ಸುಮ್ಮನೆ ಕೂರಲಿಲ್ಲ. ಅರ್ಧ ನಮಗೆ, ಅರ್ಧ ನಿಮಗೆ ಎಂದು ಹಗ್ಗ ಹಿಡಿದು ಅಳೆದುಕೊಂಡರು. ಎಷ್ಟೋ ವರ್ಷ ಮಾತಿಲ್ಲದೆ ಬೆನ್ನು ತಿರುಗಿಸಿ ನಿಂತಿದ್ದ ಮನೆಗಳು ಬೆನ್ನಿಗೆ ಬೆನ್ನು ಅಂಟಿಸಿಕೊಂಡು ನಿಂತವು. ಕರಡಮ್ಮನ ಮನೆಗೆ ಗಾರೆಯವರು ಬಂದ ದಿನ ಅತ್ತೆ ಮಂಚದ ಮೇಲೆ ಕೂತಿದ್ದಳು. ಅವರು ಮೊದಲು ಮಾಡಿದ ಕೆಲಸ ಹಿತ್ತಿಲ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತದ್ದು. ಚಿಲಕ ಅಲ್ಲಾಡಿ ನೆಲಕ್ಕೆ ಬಿತ್ತು.

"ಬಿಟ್ಟಿದೀವಿ ಅಂದಿದ್ರಲ್ಲ?" ಎಂದಳು ಅತ್ತೆ.

ಗಂಡ ಗಾರೆಯವನ ಜೊತೆ ಏನೋ ಅವಸರದ ಮಾತು ತೆಗೆದ. ಕರಡಮ್ಮ, ಬಿಟ್ಟಿದ್ದಾರೆ ಅತ್ತೆ, ಬಿಟ್ಟಿದ್ದಾರೆ ಅಂದರೆ ಇನ್ನು ಬೇಡ ಅಂತ ಎಂದು ಹೇಳಹೋಗಿ ಅರ್ಧಕ್ಕೇ ತೊದಲಿದಳು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಬಾಗಿಲು ಹೋದ ಜಾಗದಲ್ಲಿ ಕಾಣುತ್ತಿದ್ದ ಬೆಳಕನ್ನು ನೋಡುತ್ತ ಕೂತಿದ್ದಳು.

"ಇನ್ಮೇಲೆ ಅವಳು ಎಲ್ಲಿಂದ ಬರ್ಬೇಕು?" ಎಂದು ಕೇಳಿದಳು, ಉತ್ತರಕ್ಕೆ ಕಾಯದೆ ಎದ್ದು ಮುಂಗೋಣೆಗೆ ಹೋದಳು.

ಕೋಣೆ ಚೆನ್ನಾಗಿ ಬಂತು. ಚಿಕ್ಕದು, ಆದರೆ ಕೋಣೆಯೇ. ಮಗಳು ತಾನೇ ಬಣ್ಣ ಆರಿಸಿದಳು, ಗೋಡೆಗೆ ಒಂದು ಹಲಗೆ ಹೊಡೆಸಿಕೊಂಡು ಪುಸ್ತಕ ಜೋಡಿಸಿದಳು, ಮೊದಲ ರಾತ್ರಿ ಬಾಗಿಲು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು ನಗುತ್ತಿದ್ದಳು. ಆ ನಗು ಕೇಳಿ ಕರಡಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಮಾಡಿದ್ದು ತಪ್ಪಲ್ಲ, ಸತ್ತವರಿಗೆ ಜಾಗ ಬಿಟ್ಟು ಬದುಕಿರುವವರು ಒಲೆ ಕೆಳಗೆ ಕಾಲು ಮಡಚಿ ಮಲಗಬೇಕೇ ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆ ಮಾತ್ರ ಸಂಜೆಯಾದರೆ ಚೊಂಬು ತುಂಬಿಕೊಂಡು ಮೊಮ್ಮಗಳ ಕೋಣೆಗೆ ಬಂದು, ಅವಳ ಹೊಸ ಮಂಚದ ಕಾಲಿನ ಹತ್ತಿರ, ಹಿಂಗೋಡೆಯ ಬುಡಕ್ಕೆ ಇಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಚೊಂಬು ಇಟ್ಟ ಹಾಗೇ ತುಂಬಿರುತ್ತಿತ್ತು. ಹೊಸ ಗಾರೆಯ ದೂಳು ನೀರಿನ ಮೇಲೆ ಕೆನೆಯಂತೆ ಕಟ್ಟಿರುತ್ತಿತ್ತು.

ಸಾಲಿನಲ್ಲಿ ಇನ್ನೂ ಒಂದೆರಡು ಮನೆಯವರು ಕಟ್ಟಿಸುವುದು ಬಾಕಿಯಿದ್ದಷ್ಟು ದಿನ ಸಂಜೆಯ ಸದ್ದು ಕೇಳಿಸಲಿಲ್ಲ. ಕೊನೆಯ ಗೋಡೆ ಎದ್ದ ಮೇಲೆ ಶುರುವಾಯಿತು. ಮೊದಲು ಹೇಳಿದವಳು ಮಗಳು. ಗೋಡೆಯೊಳಗೆ ಏನೋ ಕಿಣಿ ಅನ್ನುತ್ತೆ ಎಂದಳು. ಗಂಡ ಪೈಪು ಎಂದ. ಬೆರಳ ಗಣ್ಣಿನಿಂದ ಗೋಡೆಯ ಉದ್ದಕ್ಕೂ ಬಡಿದು ನೋಡಿದ, ಟೊಳ್ಳು ಎಲ್ಲೂ ಇರಲಿಲ್ಲ. ಬೀದಿ ಸುತ್ತಿಕೊಂಡು ಹಿಂದಿನ ಮನೆಯವರ ಹತ್ತಿರ ಹೋಗಿ ವಿಚಾರಿಸಿದ. ಎರಡು ಗೋಡೆಗಳ ನಡುವೆ ಬ್ಲೇಡು ತೂರಿಸಲೂ ಜಾಗವಿಲ್ಲ, ಗಾರೆಯವರು ಇಬ್ಬರದಕ್ಕೂ ಒಂದೇ ಕಡೆಯಿಂದ ಸಿಮೆಂಟು ತುಂಬಿದ್ದಾರೆ ಎಂದು ಅವರು ತೋರಿಸಿದರು. ಸದ್ದು ಅವರಿಗೂ ಕೇಳುತ್ತಿತ್ತು. ನಿಮ್ಮ ಮನೆಯದೇ ಅಂದುಕೊಂಡಿದ್ವಿ ಎಂದರಂತೆ. ಮೇಷ್ಟ್ರಮ್ಮನನ್ನು ಕೇಳಿದರೆ, ನಮ್ಮಲ್ಲೇನಿಲ್ಲಪ್ಪ, ಪಕ್ಕದ ಮನೆಯಲ್ಲಿ ಇರಬಹುದು ಎಂದು ಬೇಗ ಬಾಗಿಲು ಹಾಕಿಕೊಂಡರು.

ಕರಡಮ್ಮ ಒಂದು ಸಂಜೆ ಮಗಳ ಕೋಣೆಗೆ ಹೋದಳು. ದೀಪ ಹಾಕಿರಲಿಲ್ಲ. ಮಗಳು ಮಂಚದ ಮೇಲೆ ಮೊಣಕಾಲು ಮಡಚಿ, ಹಿಂಗೋಡೆಗೆ ಕಿವಿ ಹತ್ತಿಸಿ ಕೂತಿದ್ದಳು. ಭಯ ಬಿದ್ದಂತೆ ಕಾಣಲಿಲ್ಲ. ಫೋನಿನಲ್ಲಿ ಆಚೆಯವರ ಮಾತು ಸರಿಯಾಗಿ ಕೇಳಿಸದಾಗ ಇರುತ್ತದಲ್ಲ, ಅಂಥ ಮುಖ. ಕೋಣೆಯ ತುಂಬ ಒದ್ದೆ ಬೂದಿಯ ವಾಸನೆ. ಎಷ್ಟೋ ವರ್ಷಗಳ ಹಿಂದೆ ಒಮ್ಮೆ ಮೂಗಿಗೆ ಬಡಿದದ್ದು ಈಗ ಹಾಸಿಗೆಯಲ್ಲಿ, ಪುಸ್ತಕದಲ್ಲಿ, ಮಗಳ ಕೂದಲಲ್ಲಿ ಇತ್ತು.

"ಮೊದಲು ಬಂದು ಹಾಗೇ ಹೋಗ್ತಿದ್ರು ಅಮ್ಮ" ಎಂದಳು ಮಗಳು ಮೆಲುದನಿಯಲ್ಲಿ. "ಈಗ ಹೋಗಲ್ಲ. ಹೋಗೋಕೆ ಆಗ್ತಿಲ್ಲ ಅನ್ಸುತ್ತೆ. ಇಲ್ಲೇ ನಿಂತ್ಕೊಂಡಿರ್ತಾರೆ."

"ಯಾರೇ?"

"ಗೊತ್ತಿಲ್ಲ. ಬಿಡಿ, ಬಿಡಿ ಅಂತಾರೆ." ಅವಳು ಗೋಡೆಯಿಂದ ಕಿವಿ ತೆಗೆದು ತಾಯಿಯನ್ನು ನೋಡಿದಳು. "ಏನನ್ನ ಬಿಡಬೇಕಂತೆ ಅಮ್ಮ?"

ಆ ಕಥೆಯನ್ನು ಮಗಳಿಗೆ ಯಾರೂ ಹೇಳಿರಲಿಲ್ಲ. ಮಕ್ಕಳ ಕಿವಿಗೆ ಬೀಳಬಾರದೆಂದು ಸಾಲಿನ ಹೆಂಗಸರು ಅದನ್ನು ಪಿಸುಮಾತಿನಲ್ಲೇ ಆಡುತ್ತಿದ್ದರು. ಕರಡಮ್ಮ ಮಗಳನ್ನು ತೋಳು ಹಿಡಿದು ಇತ್ತ ಎಳೆದುಕೊಂಡು, ಮಂಚದ ಈಚೆ ತುದಿ ಹಿಡಿದು ಬಲವಾಗಿ ಜಗ್ಗಿದಳು. ಮಂಚ ಕಿರುಗುಟ್ಟುತ್ತ ಗೋಡೆಯಿಂದ ದೂರ ಸರಿಯಿತು. ಮತ್ತೂ ಜಗ್ಗಿದಳು. ಪುಸ್ತಕಗಳು ಬಿದ್ದವು, ಮಂಚ ಬಾಗಿಲಿಗೆ ಅಡ್ಡ ಬಂತು, ಆದರೂ ನಿಲ್ಲಿಸಲಿಲ್ಲ. ಮಂಚಕ್ಕೂ ಗೋಡೆಗೂ ನಡುವೆ ಒಂದು ಆಳು ಹೊರೆ ಸಮೇತ ನಡೆದುಹೋಗುವಷ್ಟು ಜಾಗವಾದ ಮೇಲೆ ಏದುಸಿರು ಬಿಡುತ್ತ ನಿಂತಳು. ಹೊಸ ಕೋಣೆಯಲ್ಲಿ ಉಳಿದದ್ದು ಮಂಚ ಹಿಡಿಯುವಷ್ಟೇ ಜಾಗ.

ಅದೇ ಹೊತ್ತಿಗೆ ಅತ್ತೆ ಚೊಂಬು ಹಿಡಿದು ಬಂದಳು. ಸರಿದ ಮಂಚವನ್ನು ನೋಡಿದಳು, ಸೊಸೆಯನ್ನು ನೋಡಿದಳು. ಮಂಚದ ಪಕ್ಕದಿಂದ ನುಸುಳಿ ಆ ಬಿಟ್ಟ ಜಾಗಕ್ಕೆ ಹೋದಳು. ಚೊಂಬನ್ನು ನೆಲಕ್ಕಿಡದೆ ಎಡಗೈಯಲ್ಲೇ ಹಿಡಿದುಕೊಂಡಳು. ಗೋಡೆಯೊಳಗೆ ಕಿಣಿ ಎಂದಿತು. ಹೆಜ್ಜೆ ಬಂದು ನಿಂತಿತು. ಆಮೇಲೆ ಮಗಳು ಹೇಳಿದ್ದು ಕರಡಮ್ಮನಿಗೂ ಕೇಳಿಸಿತು. ಕೂಗಲ್ಲ, ಗೋಳಲ್ಲ; ಕೇಳಿ ಕೇಳಿ ಅಭ್ಯಾಸವಾದವರ ದನಿ.

ಅತ್ತೆ ಬಲಗೈ ಚಾಚಿದಳು. ಎದೆಯ ಎತ್ತರದಲ್ಲಿ, ಹಿಂದೆ ಚಿಲಕ ಇದ್ದ ಎತ್ತರದಲ್ಲಿ, ಹೊಸ ಬಣ್ಣದ ಗೋಡೆಯ ಮೇಲೆ ಅಂಗೈ ಇಟ್ಟು ಸವರತೊಡಗಿದಳು. ಅತ್ತ ಒಂದಿಷ್ಟು, ಇತ್ತ ಒಂದಿಷ್ಟು, ಕತ್ತಲಲ್ಲಿ ಚಿಲಕ ತಡಕುವವರ ಹಾಗೆ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಪಕ್ಕದ ಮನೆಯಲ್ಲ ಎಂದು ಕರಡಮ್ಮನಿಗೆ ಆಗ ತಿಳಿಯಿತು, ಯಾವಾಗಲೂ ತಿಳಿದೇ ಇತ್ತು.

"ಬಿಡಿ ಅತ್ತೆ" ಎನ್ನಲು ಹೋದಳು. ದಿನಾ ಆಡುವ ಮಾತು, ತಾನಾಗಿ ತುಟಿಗೆ ಬಂದಿತ್ತು. ಮೊದಲ ಅಕ್ಷರದಲ್ಲೇ ನಾಲಿಗೆ ನಿಂತುಹೋಯಿತು. ಮಂಚ ಹತ್ತಿ ದಾಟಿ ಆಚೆ ಇಳಿದು ಅತ್ತೆಯ ಪಕ್ಕ ನಿಂತಳು. ತಾನೂ ಅಂಗೈ ಇಟ್ಟಳು. ಗೋಡೆ ನುಣ್ಣಗಿತ್ತು, ತಣ್ಣಗಿತ್ತು, ಬೆರಳು ಸಿಕ್ಕಿಸಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಇಬ್ಬರೂ ಹುಡುಕುತ್ತಿದ್ದರು, ಅತ್ತೆಯ ಎಡಗೈಯಲ್ಲಿ ಚೊಂಬಿನ ನೀರು ತುಳುಕಿ ನೆಲಕ್ಕೆ ಬೀಳುತ್ತಿತ್ತು.

ಮಗಳು ಮಂಚದ ಮೇಲಿಂದ, ಅಮ್ಮ, ಕೇಳು ಎಂದಳು. ಕರಡಮ್ಮ ಕೈ ನಿಲ್ಲಿಸಿದಳು. ಮೇಷ್ಟ್ರ ಮನೆಯ ಕಡೆಯಿಂದ, ಪಕ್ಕದ ಗೋಡೆಯಾಚೆ, ಯಾರದೋ ಒಣ ಅಂಗೈ ಗಾರೆಯ ಮೇಲೆ ಮೆಲ್ಲಗೆ ಅತ್ತಿಂದಿತ್ತ ಸವರುವ ಸದ್ದು ಕೇಳುತ್ತಿತ್ತು. ಅದರಾಚೆಯ ಮನೆಯಿಂದಲೂ.